ಕಾಫಿಯ ಲೋಟ, ವಂಶದ ಬಳುವಳಿ ಮತ್ತು ಮಧುಮೇಹ: ಚಾಮರಾಜನಗರ–ಗುಂಡ್ಲುಪೇಟೆಗಳ ನೆಲೆಯಿಂದ ಒಂದು ಪರಿಶೀಲನೆ

ಕಾಫಿ ಕುಡಿಯುವವರಿಗೆ ಮಧುಮೇಹ ಬರುವ ಸಂಭವ ಕಡಮೆಯೆಂಬ ವಾರ್ತೆಯು ಕಳೆದ ಎರಡು ದಶಕಗಳಿಂದ ವೃತ್ತಪತ್ರಿಕೆಗಳಲ್ಲಿ ಆಗಾಗ್ಗೆ ಪ್ರಕಟವಾಗುತ್ತ ಬಂದಿದೆ. ಮಧುಮೇಹವು ವಂಶದಿಂದ ಬರುವ ರೋಗವೆಂಬ ಮಾತಂತೂ ಅದಕ್ಕಿಂತ ಬಹಳ ಹಳೆಯದು. ಚಾಮರಾಜನಗರ, ಗುಂಡ್ಲುಪೇಟೆಗಳ ಮನೆಗಳಲ್ಲಿ ಈ ಎರಡು ಮಾತುಗಳೂ ಇಂದು ಜೊತೆಜೊತೆಯಾಗಿಯೇ ಕೇಳಿಬರುತ್ತವೆ. “ನಮ್ಮ ತಂದೆಯವರಿಗಿತ್ತು, ನಮಗೂ ಬಂದೇ ಬರುತ್ತದೆ, ಕಾಫಿಯನ್ನೇಕೆ ಬಿಡಬೇಕು?” ಎನ್ನುವವರು ಒಂದು ಕಡೆ, “ಕಾಫಿ ಒಳ್ಳೆಯದಂತೆ” ಎಂದು ಮೂರನೆಯ ಲೋಟಕ್ಕೂ ಎರಡು ಚಮಚ ಸಕ್ಕರೆ ಬೆರೆಸುವವರು ಇನ್ನೊಂದು ಕಡೆ. ಇಬ್ಬರೂ ವಿಜ್ಞಾನದ ಹೆಸರನ್ನೇ ಹೇಳುತ್ತಾರೆ. ಆ ವಿಜ್ಞಾನವು ವಸ್ತುತಃ ಏನು ಹೇಳಿದೆ, ಅದರಲ್ಲಿ ನಮ್ಮ ಸೀಮೆಯವರಿಗೆ ಅನ್ವಯಿಸುವುದೆಷ್ಟು ಎಂಬುದನ್ನು ವಿಚಾರಿಸುವುದೇ ಪ್ರಕೃತ ಲೇಖನದ ಉದ್ದೇಶ.

ನಾವು ವೈದ್ಯರಲ್ಲ, ಇತಿಹಾಸದ ಅಧ್ಯಾಪಕರು. ಆದರೂ ಈ ವಿಷಯಕ್ಕೆ ಕೈಹಾಕಲು ಒಂದು ಕಾರಣವುಂಟು. ಇಲ್ಲಿ ಎದುರಾಗುವ ಪ್ರಶ್ನೆಗಳು ಬಹುಮಟ್ಟಿಗೆ ಸಾಕ್ಷ್ಯದ ಪ್ರಶ್ನೆಗಳು. ಯಾವ ಸಾಕ್ಷಿಯ ಮಾತನ್ನು ಎಷ್ಟರಮಟ್ಟಿಗೆ ನಂಬಬೇಕು, ಒಂದು ಕಾಲದೇಶದಲ್ಲಿ ದೊರೆತ ದಾಖಲೆಯನ್ನು ಮತ್ತೊಂದಕ್ಕೆ ಎಲ್ಲಿಯವರೆಗೆ ಎಳೆಯಬಹುದು ಎಂಬ ವಿವೇಚನೆ ಇತಿಹಾಸದ ವಿದ್ಯಾರ್ಥಿಗೆ ಅಪರಿಚಿತವಾದುದಲ್ಲ.

೧. ಬೆಟ್ಟದ ಬೆಳೆ, ಬಯಲಿನ ಪಾನೀಯ

ಗುಂಡ್ಲುಪೇಟೆಯ ಸ್ಥಾನವು ಕಾಫಿಯ ದೃಷ್ಟಿಯಿಂದ ಕುತೂಹಲಕರವಾದುದು. ಅದರ ಪಶ್ಚಿಮಕ್ಕೆ ವಯನಾಡು, ದಕ್ಷಿಣಕ್ಕೆ ನೀಲಗಿರಿ, ಪೂರ್ವಕ್ಕೆ ಚಾಮರಾಜನಗರವನ್ನು ದಾಟಿದರೆ ಬಿಳಿಗಿರಿರಂಗನ ಬೆಟ್ಟ. ಈ ಮೂರೂ ಕಾಫಿ ಬೆಳೆಯುವ ಸೀಮೆಗಳೇ. ನಡುವಣ ಬಯಲು ಮಾತ್ರ ರಾಗಿ, ಜೋಳ, ಹುರುಳಿ, ಅವರೆಗಳ ನಾಡು. ಈಚೆಗೆ ಅರಿಸಿನ, ಸೂರ್ಯಕಾಂತಿ, ಚೆಂಡುಹೂಗಳೂ ಅಲ್ಲಿ ಬೆಳೆಯುತ್ತವೆ. ಬಿಳಿಗಿರಿರಂಗನ ಬೆಟ್ಟದಲ್ಲಿ ಹೊನ್ನಮೇಟಿ, ಅತ್ತಿಖಾನೆಗಳ ಕಾಫಿ ತೋಟಗಳನ್ನು ೧೯ನೆಯ ಶತಮಾನದ ಕೊನೆಯ ಭಾಗದಲ್ಲಿ ಎಬ್ಬಿಸಿದವರು ಸ್ಕಾಟ್ಲೆಂಡಿನಿಂದ ಬಂದ ಮಾರಿಸ್ ಮನೆತನದವರು. ಅದೇ ಬೆಟ್ಟದ ಸೋಲಿಗರು ಇಂದು ತಮ್ಮ ಪೋಡುಗಳ ಬಳಿ ಮೆಣಸು, ಹಣ್ಣಿನ ಗಿಡಗಳೊಡನೆ ಕಾಫಿಯನ್ನೂ ಬೆಳೆಯುತ್ತಾರೆ.

ಕಾಫಿಯ ಬೀಜವನ್ನು ೧೭ನೆಯ ಶತಮಾನದಲ್ಲಿ ಬಾಬಾ ಬುಡನ್ ಎಂಬ ಸಂತರು ಅರಬ್ಬೀ ದೇಶದಿಂದ ಚಂದ್ರದ್ರೋಣ ಪರ್ವತಕ್ಕೆ ತಂದರೆಂಬ ಐತಿಹ್ಯವು ಎಲ್ಲರಿಗೂ ವಿದಿತವೇ ಇದೆ. ಆದರೆ ಗಿಡ ಬಂದ ಕಾಲ ಬೇರೆ, ಜನಸಾಮಾನ್ಯರ ಲೋಟಕ್ಕೆ ಕಾಫಿ ಬಂದ ಕಾಲ ಬೇರೆ. ತೋಟಗಳು ಬೆಳೆದಿದ್ದ ಕಾಲದಲ್ಲಿಯೂ ಫಸಲಿನ ಬಹುಭಾಗವು ಹಡಗನ್ನೇರಿ ಯೂರೋಪಿಗೆ ಹೋಗುತ್ತಿತ್ತು. ೧೯೩೦ರ ದಶಕದ ಆರ್ಥಿಕ ಮುಗ್ಗಟ್ಟಿನಿಂದ ಬೆಲೆಗಳು ಕುಸಿದು, ಮುಂದೆ ಎರಡನೆಯ ಮಹಾಯುದ್ಧದಿಂದ ಯೂರೋಪಿನ ಮಾರುಕಟ್ಟೆಗಳು ಮುಚ್ಚಿಹೋದಾಗ, ಬೆಳೆದ ಕಾಫಿಯನ್ನು ದೇಶದೊಳಗೇ ಖರ್ಚುಮಾಡಿಸುವ ಅಗತ್ಯವುಂಟಾಯಿತು. ೧೯೩೫ರ ಕಾಫಿ ಸೆಸ್ ಸಮಿತಿ, ಅದು ತೆರೆದ ಕಾಫಿ ಹೌಸುಗಳು, ೧೯೪೨ರ ಕಾಫಿ ಕಾಯಿದೆ, ಕಾಫಿ ಮಂಡಲಿಯ ಪ್ರಚಾರ ಇವೆಲ್ಲ ಆ ಅಗತ್ಯದ ಫಲಗಳು. ಪೇಟೆಯ ಕೆಲವು ಮನೆಗಳಲ್ಲಿ ಅದಕ್ಕೂ ಮೊದಲೇ ಕಾಫಿಯಿತ್ತು. ಆದರೆ ಅದು ಎಲ್ಲ ವರ್ಗದವರ ನಿತ್ಯದ ಪಾನೀಯವಾದುದು ಮೂರು ನಾಲ್ಕು ತಲೆಮಾರುಗಳ ಸಂಗತಿಯಷ್ಟೆ.

ಈ ಕಾಲಗಣನೆಯನ್ನು ನೆನಪಿನಲ್ಲಿಟ್ಟುಕೊಳ್ಳಬೇಕು. ನಮ್ಮ ವಂಶವಾಹಿಗಳು ಸಹಸ್ರಾರು ವರ್ಷಗಳಿಂದ ಹರಿದುಬಂದವು; ನಮ್ಮ ಕಾಫಿ, ಸಕ್ಕರೆ, ಪಾಲಿಷ್ ಮಾಡಿದ ಅಕ್ಕಿ, ಕುಳಿತು ಮಾಡುವ ಉದ್ಯೋಗ ಇವು ನಿನ್ನೆ ಮೊನ್ನೆಯವು. ಭಾರತದಲ್ಲಿ ಮಧುಮೇಹಿಗಳ ಸಂಖ್ಯೆ ಸುಮಾರು ೧೦ ಕೋಟಿ ೧೦ ಲಕ್ಷವೆಂದು ಭಾರತೀಯ ವೈದ್ಯಕೀಯ ಸಂಶೋಧನಾ ಪರಿಷತ್ತಿನ ಆಶ್ರಯದಲ್ಲಿ ನಡೆದ ಸಮೀಕ್ಷೆಯು ೨೦೨೩ರಲ್ಲಿ ಅಂದಾಜುಮಾಡಿತು. ವಯಸ್ಕರಲ್ಲಿ ಇದು ನೂರಕ್ಕೆ ೧೧.೪ರಷ್ಟಾಗುತ್ತದೆ. ಎರಡು ಮೂರು ತಲೆಮಾರುಗಳಲ್ಲಿ ಒಂದು ಜನಾಂಗದ ವಂಶವಾಹಿಗಳು ಇಷ್ಟು ಬದಲಾಗಲಾರವು. ಬದಲಾದುದು ಬದುಕು. ವಂಶದ ಪಾತ್ರವನ್ನು ಕುರಿತ ಯಾವ ಚರ್ಚೆಯೂ ಈ ಸಂಗತಿಯನ್ನು ಮರೆಯುವಂತಿಲ್ಲ.

೨. ಹೊರದೇಶಗಳ ಸಾಕ್ಷ್ಯ

ಎರಡನೆಯ ಬಗೆಯ ಮಧುಮೇಹದಲ್ಲಿ ಮೇದೋಜೀರಕ ಗ್ರಂಥಿಯು ಇನ್ಸುಲಿನ್ನನ್ನು ತಯಾರಿಸುವುದನ್ನು ಒಮ್ಮೆಗೇ ನಿಲ್ಲಿಸುವುದಿಲ್ಲ. ದೇಹದ ಅಂಗಾಂಶಗಳು ಇನ್ಸುಲಿನ್ನಿನ ಆಜ್ಞೆಗೆ ಮಣಿಯದಾಗುತ್ತವೆ. ಆ ಕೊರತೆಯನ್ನು ತುಂಬಲು ಗ್ರಂಥಿಯು ಹೆಚ್ಚು ಹೆಚ್ಚಾಗಿ ದುಡಿದು ಕಡೆಗೆ ಸೋಲುತ್ತದೆ. ಆಗ ರಕ್ತದಲ್ಲಿ ಸಕ್ಕರೆಯ ಪ್ರಮಾಣ ಏರಿ ನಿಲ್ಲುತ್ತದೆ.

ಕಾಫಿಗೂ ಈ ರೋಗಕ್ಕೂ ಇರುವ ಸಂಬಂಧವನ್ನು ಲೋಕದ ಗಮನಕ್ಕೆ ತಂದುದು ೨೦೦೨ರಲ್ಲಿ ಪ್ರಕಟವಾದ ಹಾಲೆಂಡಿನ ಅಧ್ಯಯನ. ೧೭,೧೧೧ ಮಂದಿಯನ್ನು ಹಲವು ವರ್ಷ ಅನುಸರಿಸಿ ನೋಡಿದಾಗ, ದಿನಕ್ಕೆ ಏಳು ಬಟ್ಟಲು ಅಥವಾ ಅದಕ್ಕೂ ಹೆಚ್ಚು ಕಾಫಿ ಕುಡಿಯುವವರಲ್ಲಿ ಮಧುಮೇಹದ ಸಂಭವವು ಎರಡು ಬಟ್ಟಲು ಅಥವಾ ಅದಕ್ಕಿಂತ ಕಡಮೆ ಕುಡಿಯುವವರಲ್ಲಿದ್ದುದರ ಅರ್ಧದಷ್ಟಿತ್ತು. ಅನಂತರ ಫಿನ್ಲೆಂಡ್, ಅಮೆರಿಕ, ಜಪಾನ್, ಸಿಂಗಪುರಗಳಿಂದ ಇದೇ ಜಾಡಿನ ವರದಿಗಳು ಬಂದವು. ೨೦೧೪ರಲ್ಲಿ ಇಂತಹ ೨೮ ಅಧ್ಯಯನಗಳನ್ನು ಒಟ್ಟುಗೂಡಿಸಿ, ೧೧ ಲಕ್ಷಕ್ಕೂ ಮಿಕ್ಕ ಜನರ ಲೆಕ್ಕವನ್ನು ಪರಿಶೀಲಿಸಲಾಯಿತು. ದಿನಕ್ಕೆ ಆರು ಬಟ್ಟಲು ಕುಡಿಯುವವರಲ್ಲಿ ಸಂಭವವು ಕಾಫಿ ಕುಡಿಯದವರಿಗಿಂತ ಸುಮಾರು ಮೂರನೆಯ ಒಂದು ಪಾಲು ಕಡಮೆಯೆಂದು ಅಲ್ಲಿ ಕಂಡುಬಂದಿತು. ಕೆಫೀನನ್ನು ತೆಗೆದುಹಾಕಿದ ಕಾಫಿಯನ್ನು ಕುಡಿಯುವವರಲ್ಲಿಯೂ ಸಂಭವ ಕಡಮೆಯಿತ್ತು. ಆದುದರಿಂದ ಫಲವು ಕೆಫೀನಿನದೊಂದೇ ಆಗಿರಲಾರದು, ಕ್ಲೋರೊಜೆನಿಕ್ ಆಮ್ಲವೇ ಮೊದಲಾದ ಇತರ ದ್ರವ್ಯಗಳ ಪಾತ್ರವೂ ಇರಬಹುದು ಎಂದು ವಿದ್ವಾಂಸರು ತರ್ಕಿಸಿದರು. ಇದಕ್ಕೆ ವ್ಯತಿರಿಕ್ತವಾಗಿ, ಕೆಫೀನನ್ನು ಪ್ರತ್ಯೇಕವಾಗಿ ಕೊಟ್ಟು ಕೆಲವು ಗಂಟೆಗಳ ಕಾಲ ಪರೀಕ್ಷಿಸಿದಾಗ ಅದು ಇನ್ಸುಲಿನ್ನಿನ ಕಾರ್ಯವನ್ನು ತಾತ್ಕಾಲಿಕವಾಗಿ ಕುಗ್ಗಿಸುವುದೂ ಸಿದ್ಧವಾಗಿದೆ.

ಈ ಅಧ್ಯಯನಗಳ ಗಾತ್ರ ದೊಡ್ಡದು, ದಿಕ್ಕು ಒಂದೇ. ಆದರೂ ಎರಡು ಸಂದೇಹಗಳು ಉಳಿಯುತ್ತವೆ. ಮೊದಲನೆಯದು ಸಹವರ್ತಿ ಕಾರಣಗಳದು. ಹೆಚ್ಚು ಕಾಫಿ ಕುಡಿಯುವವರು ಬೇರೆ ವಿಷಯಗಳಲ್ಲಿಯೂ ಉಳಿದವರಿಗಿಂತ ಭಿನ್ನರಾಗಿರಬಹುದು. ಕಾಫಿಯ ಜೊತೆಗೆ ನಡೆದುಬಂದ ಯಾವುದೋ ಗುಣದ ಕೀರ್ತಿ ಕಾಫಿಗೆ ಸಂದಿರಬಹುದು. ಎರಡನೆಯದು ಕಾರ್ಯಕಾರಣಗಳ ತಿರುಗುಮುರುಗು. ನಮ್ಮಲ್ಲಿ ಸಕ್ಕರೆ ಕಾಯಿಲೆಯೆಂದು ವೈದ್ಯರು ಹೇಳಿದೊಡನೆ ಮನೆಯವರು ಮೊದಲು ಕಡಿತಗೊಳಿಸುವುದು ಸಿಹಿ ಕಾಫಿಯನ್ನೇ. ಆ ಬಳಿಕ ಯಾರಾದರೂ ಬಂದು ಮನೆಮನೆಯ ಲೆಕ್ಕ ತೆಗೆದುಕೊಂಡರೆ, ರೋಗಿಗಳು ಕಡಮೆ ಕಾಫಿ ಕುಡಿಯುವವರಾಗಿಯೂ ಆರೋಗ್ಯವಂತರು ಹೆಚ್ಚು ಕುಡಿಯುವವರಾಗಿಯೂ ಕಾಣುವುದು ಸಹಜ. ರೋಗವಿಲ್ಲದವರನ್ನೇ ಆರಿಸಿ ವರ್ಷಗಟ್ಟಲೆ ಅನುಸರಿಸುವ ಕ್ರಮದಿಂದ ಈ ದೋಷವು ಬಹುಮಟ್ಟಿಗೆ ನೀಗುತ್ತದೆ. ಪೂರ್ತಿಯಾಗಿ ನೀಗುವುದಿಲ್ಲ, ರೋಗವು ಹೊರಗೆ ಕಾಣಿಸಿಕೊಳ್ಳುವ ಮೊದಲೇ ದೇಹಸ್ಥಿತಿಯು ಅಭ್ಯಾಸಗಳನ್ನು ಬದಲಾಯಿಸಿರಬಹುದು.

೩. ತಿದ್ದಲಾಗದ ದಾಖಲೆ

ಇಲ್ಲಿ ವಂಶವಾಹಿಯು ಸಾಕ್ಷಿಯಾಗಿ ಪ್ರವೇಶಿಸುತ್ತದೆ. ರಾಜನೊಬ್ಬನ ವಿಷಯವಾಗಿ ಮುಂದಿನ ತಲೆಮಾರಿನ ಆಸ್ಥಾನಕವಿ ಬರೆದುದಕ್ಕಿಂತ, ಅವನ ಕಾಲದಲ್ಲಿಯೇ ಕಲ್ಲಿನ ಮೇಲೆ ಕೆತ್ತಿದ ಶಾಸನವನ್ನು ನಾವು ಹೆಚ್ಚು ನಂಬುತ್ತೇವೆ. ಅನಂತರದ ಘಟನೆಗಳು ಅದನ್ನು ತಿದ್ದಲಾರವಷ್ಟೆ. ವಂಶವಾಹಿಯೂ ಅಂತಹುದೇ. ಗರ್ಭದಲ್ಲಿ ಜೀವ ಅಂಕುರಿಸುವಾಗಲೇ ತಂದೆಯ ಪಾಲೊಂದು, ತಾಯಿಯ ಪಾಲೊಂದು ಚೀಟಿ ಎತ್ತಿದಂತೆ ಹಂಚಿಕೆಯಾಗುತ್ತವೆ. ಮುಂದೆ ಆ ಮಗು ಸಿರಿವಂತನಾಗಲಿ, ಬೀಡಿ ಸೇದಲಿ, ರೋಗದಿಂದ ನರಳಲಿ, ಆ ಬರಹ ಬದಲಾಗದು.

ನಾವು ಕುಡಿದ ಕೆಫೀನಿನ ಬಹುಭಾಗವನ್ನು ಯಕೃತ್ತಿನಲ್ಲಿರುವ ಒಂದು ಕಿಣ್ವವು ಒಡೆಯುತ್ತದೆ. ಆ ಕಿಣ್ವದ ವಂಶವಾಹಿಗೆ ಸಿ.ವೈ.ಪಿ. ೧ಎ೨ ಎಂದು ಹೆಸರು; ಅದು ೧೫ನೆಯ ವರ್ಣತಂತುವಿನಲ್ಲಿದೆ. ೭ನೆಯ ವರ್ಣತಂತುವಿನಲ್ಲಿರುವ ಎ.ಎಚ್.ಆರ್. ಎಂಬ ಮತ್ತೊಂದು ವಂಶವಾಹಿಯು ಅದರ ಚಟುವಟಿಕೆಯನ್ನು ಹೆಚ್ಚು ಕಡಮೆ ಮಾಡುತ್ತದೆ. ಇವುಗಳಲ್ಲಿರುವ ಸಣ್ಣ ವ್ಯತ್ಯಾಸಗಳಿಂದಾಗಿ ಕೆಲವರ ದೇಹವು ಕೆಫೀನನ್ನು ಬೇಗ ಕರಗಿಸುತ್ತದೆ, ಕೆಲವರದು ನಿಧಾನವಾಗಿ. ಸಂಜೆ ಒಂದು ಲೋಟ ಕಾಫಿ ಕುಡಿದರೆ ನಡುರಾತ್ರಿಯವರೆಗೆ ನಿದ್ರೆ ಬಾರದೆಂಬವರೂ, ಊಟದ ಮೇಲೆ ಕಾಫಿ ಕುಡಿದೇ ಮಲಗುವವರೂ ಒಂದೇ ಮನೆಯಲ್ಲಿರುವುದಕ್ಕೆ ಇದೂ ಒಂದು ಕಾರಣ. ಬೇಗ ಕರಗಿಸುವವರು ಸಾಮಾನ್ಯವಾಗಿ ಹೆಚ್ಚು ಕಾಫಿ ಕುಡಿಯುತ್ತಾರೆ.

ಹಾಗಾದರೆ ಕಾಫಿಯೇ ಮಧುಮೇಹವನ್ನು ತಡೆಯುವುದಾದಲ್ಲಿ, ಹೆಚ್ಚು ಕಾಫಿ ಕುಡಿಯುವಂತೆ ಪ್ರೇರಿಸುವ ವಂಶವಾಹಿಗಳನ್ನು ಪಡೆದವರಲ್ಲಿ ಆ ರೋಗ ಕಡಮೆಯಿರಬೇಕಲ್ಲವೆ? ಡೆನ್ಮಾರ್ಕಿನ ಕೋಪನ್‌ಹೇಗನ್ನಿನಲ್ಲಿ ೯೩,೧೭೯ ಜನರ ದಾಖಲೆಗಳಿಂದ ಈ ಪ್ರಶ್ನೆಯನ್ನು ಪರೀಕ್ಷಿಸಿ ೨೦೧೫ರಲ್ಲಿ ಫಲಿತಾಂಶವನ್ನು ಪ್ರಕಟಿಸಲಾಯಿತು. ಬಾಯಿಮಾತಿನಲ್ಲಿ ತಾವು ಹೆಚ್ಚು ಕಾಫಿ ಕುಡಿಯುವೆವೆಂದು ಹೇಳಿದವರಲ್ಲಿ ರೋಗ ಕಡಮೆಯಿತ್ತು. ಆದರೆ ಹೆಚ್ಚು ಕಾಫಿಯ ವಂಶವಾಹಿಗಳನ್ನು ಹೊತ್ತವರಲ್ಲಿ ರೋಗ ಕಡಮೆಯಿರಲಿಲ್ಲ. ಕಾಫಿಗೆ ಸಂದಿದ್ದ ಕೀರ್ತಿಯ ಮೇಲೆ ಇದು ದೊಡ್ಡ ಸಂಶಯವನ್ನೇ ತಂದಿತು.

ಕಥೆ ಅಲ್ಲಿಗೇ ಮುಗಿಯಲಿಲ್ಲ. ಇದೇ ವಂಶವಾಹಿಗಳನ್ನು ೨೦೨೩ರಲ್ಲಿ ಪ್ರಕಟವಾದ ಸ್ವೀಡನ್ ಮತ್ತು ಬ್ರಿಟನ್ನಿನ ವಿದ್ವಾಂಸರ ಅಧ್ಯಯನವು ಬೇರೊಂದು ಬದಿಯಿಂದ ಓದಿತು. ಕೆಫೀನನ್ನು ನಿಧಾನವಾಗಿ ಕರಗಿಸುವವರು ಕುಡಿಯುವ ಕಾಫಿ ಕಡಮೆ, ಆದರೂ ಅವರ ರಕ್ತದಲ್ಲಿ ಕೆಫೀನ್ ಹೆಚ್ಚು ಹೊತ್ತು ಉಳಿಯುತ್ತದೆ. ಬಟ್ಟಲುಗಳ ಲೆಕ್ಕವನ್ನು ಬಿಟ್ಟು ರಕ್ತದಲ್ಲಿರುವ ಕೆಫೀನಿನ ಲೆಕ್ಕವನ್ನು ಹಿಡಿದಾಗ, ಅದು ಹೆಚ್ಚಿರುವಂತೆ ಹುಟ್ಟಿದವರಲ್ಲಿ ದೇಹದ ತೂಕವೂ ಮಧುಮೇಹದ ಸಂಭವವೂ ತುಸು ಕಡಮೆಯಿದ್ದುವು. ಈ ಇಳಿತದ ಅರ್ಧಕ್ಕೆ ಸಮೀಪದ ಪಾಲು ತೂಕದ ಇಳಿತದ ಮೂಲಕವೇ ಬಂದಿತ್ತು.

ಒಂದೇ ಶಾಸನದಿಂದ ಎರಡು ಅರ್ಥಗಳು ಹೊರಟಂತಾಯಿತು. ಇವೆರಡೂ ಪರಸ್ಪರ ವಿರುದ್ಧವೆಂದು ತಿಳಿಯಬೇಕಾದುದಿಲ್ಲ. ಒಂದೇ ವಂಶವಾಹಿಯು ಲೋಟಗಳ ಸಂಖ್ಯೆಯನ್ನು ಏರಿಸುತ್ತ, ರಕ್ತದಲ್ಲಿ ಕೆಫೀನನ್ನು ಇಳಿಸುತ್ತಿರುವಾಗ, ಅದನ್ನು “ಹೆಚ್ಚು ಕಾಫಿಯ ವಂಶವಾಹಿ” ಎಂದು ಕರೆಯುವುದೇ ಅಪೂರ್ಣ ವಿವರಣೆಯಾಗುತ್ತದೆ. ಇದಲ್ಲದೆ ಈ ವಂಶವಾಹಿ ಪರೀಕ್ಷೆಗಳಲ್ಲಿ ಸೇರಿದ್ದವರು ಬಹುಪಾಲು ಯೂರೋಪ್ ಮೂಲದವರು. ಆದಕಾರಣ ಕಾಫಿಗೆ ಅಲ್ಪಸ್ವಲ್ಪ ರಕ್ಷಕಗುಣವಿರುವ ಸಂಭವವುಂಟು, ಆದರೆ ಅದನ್ನು ಔಷಧವೆಂದು ಸೇವಿಸಲು ಸಾಕಾಗುವಷ್ಟು ಆಧಾರವಿಲ್ಲ ಎಂಬಷ್ಟಕ್ಕೆ ನಮ್ಮ ನಿರ್ಣಯವನ್ನು ನಿಲ್ಲಿಸುವುದು ಯುಕ್ತ.

೪. ನಮ್ಮ ಲೋಟದ ವಿಚಾರ

ಇಷ್ಟಾದ ಮೇಲೆ ಬೇರೊಂದು ಪ್ರಶ್ನೆ ಏಳುತ್ತದೆ. ಕೋಪನ್‌ಹೇಗನ್ನಿನ ಬಟ್ಟಲೂ ಗುಂಡ್ಲುಪೇಟೆಯ ಲೋಟವೂ ಒಂದೆಯೆ? ಶಾಸನಗಳಲ್ಲಿ ಬರುವ ‘ಖಂಡುಗ’ ಎಂಬ ಅಳತೆ ಸೀಮೆಯಿಂದ ಸೀಮೆಗೆ ಬೇರೆಯಾಗಿದ್ದುದನ್ನು ಬಲ್ಲವರಿಗೆ ಈ ಸಂದೇಹ ಸಹಜವಾದುದು.

ಯೂರೋಪಿನ ಬಟ್ಟಲಿನಲ್ಲಿ ಬಹುಪಾಲು ಕಾಫಿಯ ನೀರೇ ಇರುತ್ತದೆ. ಸಕ್ಕರೆ, ಹಾಲು ಬೇಕಾದವರಿಗೆ ಸ್ವಲ್ಪ. ನಮ್ಮ ಲೋಟದಲ್ಲಿ ಹಾಲೇ ಪ್ರಧಾನ, ಡಿಕಾಕ್ಷನ್ ಅದಕ್ಕೆ ಬಣ್ಣ ರುಚಿಗಳನ್ನು ಕೊಡುವಷ್ಟು. ಆ ಡಿಕಾಕ್ಷನ್ನಿನಲ್ಲಿಯೂ ಚಿಕೋರಿಯ ಪಾಲುಂಟು. ಕಾಫಿ-ಚಿಕೋರಿ ಮಿಶ್ರಣದಲ್ಲಿ ಕಾಫಿಯು ನೂರಕ್ಕೆ ೫೧ಕ್ಕೆ ಕಡಮೆಯಿರಕೂಡದೆಂದು ನಮ್ಮ ಆಹಾರ ನಿಯಮ. ಎಂದರೆ ೪೯ರವರೆಗೆ ಚಿಕೋರಿಯಿರಬಹುದು, ಚಿಕೋರಿಯಲ್ಲಿ ಕೆಫೀನ್ ಇಲ್ಲವೇ ಇಲ್ಲ. ಹೋಟೆಲಿನಲ್ಲಿ ‘ಬೈಟೂ’ ಹೇಳಿದರೆ ಅದರಲ್ಲೂ ಅರ್ಧ. ‘ಫಿಲ್ಟರ್’ ಎಂಬ ಶಬ್ದವೂ ಒಂದೇ ವಸ್ತುವನ್ನು ಸೂಚಿಸುವುದಿಲ್ಲ. ಅಲ್ಲಿನವರದು ಕಾಗದದ ಸೋಸುಗ, ನಮ್ಮದು ರಂಧ್ರಗಳುಳ್ಳ ಹಿತ್ತಾಳೆಯ ಅಥವಾ ಸ್ಟೀಲಿನ ಪಾತ್ರೆ. ಕಾಫಿಯ ಕೆಲವು ಎಣ್ಣೆಯಂಶಗಳನ್ನು ಕಾಗದ ಹಿಡಿದುಕೊಳ್ಳುತ್ತದೆ, ಲೋಹ ಬಿಟ್ಟುಕೊಡುತ್ತದೆ. ಸ್ವೀಡನ್ನಿನಲ್ಲಿ ೨೦೨೦ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಕಾಗದದಲ್ಲಿ ಸೋಸಿದ ಕಾಫಿಗೆ ಮಾತ್ರ ಮಧುಮೇಹದ ಇಳಿತದೊಡನೆ ಸಂಬಂಧ ಕಂಡಿತು. ಪುಡಿಯನ್ನು ಕುದಿಸಿ ಮಾಡಿದ ಕಾಫಿಗೆ ಕಾಣಲಿಲ್ಲ.

ಎಲ್ಲಕ್ಕೂ ಮಿಗಿಲಾದ ಭೇದವು ಸಕ್ಕರೆಯದು. ಒಂದು ಚಮಚಕ್ಕೆ ೪ ಗ್ರಾಂ ಎಂದಿಟ್ಟುಕೊಂಡರೂ ಲೋಟಕ್ಕೆ ಎರಡು ಚಮಚದಂತೆ ದಿನಕ್ಕೆ ನಾಲ್ಕು ಲೋಟಕ್ಕೆ ೩೨ ಗ್ರಾಂ ಆಗುತ್ತದೆ. ಎರಡು ಸಾವಿರ ಕ್ಯಾಲೊರಿಯ ಆಹಾರ ಸೇವಿಸುವ ವಯಸ್ಕರಿಗೆ ಬೆರೆಸಿದ ಸಕ್ಕರೆ ದಿನಕ್ಕೆ ೫೦ ಗ್ರಾಂ ಮೀರಬಾರದು, ೨೫ ಗ್ರಾಮಿನೊಳಗಿದ್ದರೆ ಮೇಲೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ೨೦೧೫ರ ಸಲಹೆಯ ಸಾರಾಂಶ. ಆ ಮೇಲಾದ ಮಿತಿಯನ್ನು ಕಾಫಿಯೊಂದೇ ದಾಟಿಬಿಡುತ್ತದೆ. ಊಟ, ತಿಂಡಿ, ಹಬ್ಬದ ಪಾಯಸಗಳು ಇನ್ನೂ ಲೆಕ್ಕಕ್ಕೆ ಸೇರಿಲ್ಲ. ಬೆಲ್ಲದ ಕಾಫಿ ನಿರಪಾಯವೆಂಬ ನಂಬಿಕೆಯೂ ನಮ್ಮಲ್ಲಿದೆ. ಬೆಲ್ಲದ ಬಹುಭಾಗವೂ ಸಕ್ಕರೆಯೇ. ರಕ್ತವು ಅವೆರಡರ ನಡುವೆ ಹೆಚ್ಚಿನ ತಾರತಮ್ಯ ಮಾಡುವುದಿಲ್ಲ. ಹೊರದೇಶದ ಅಧ್ಯಯನಗಳಲ್ಲಿ ಕಾಫಿಗೆ ದೊರೆತ ಪ್ರಶಸ್ತಿಯನ್ನು ನಮ್ಮ ಸಿಹಿ ಲೋಟಕ್ಕೆ ಹಾಗೆಯೇ ವರ್ಗಾಯಿಸುವುದು ಇದರಿಂದ ಸಾಧುವಾಗದು.

೫. ವಂಶ, ಗರ್ಭ, ಅಡಿಗೆಮನೆ

ಇನ್ನು “ನಮ್ಮ ವಂಶದಲ್ಲಿಯೇ ಇದೆ” ಎಂಬ ಮಾತು. ಪ್ರಮೇಹವನ್ನು ‘ಸಹಜ’ವೆಂದೂ ‘ಅಪಥ್ಯನಿಮಿತ್ತ’ವೆಂದೂ ಎರಡಾಗಿ ವಿಂಗಡಿಸಿದ ಸುಶ್ರುತನ ಕಾಲದಿಂದಲೂ ಹುಟ್ಟು ಮತ್ತು ಅಭ್ಯಾಸಗಳ ಈ ವಿಚಾರ ನಡೆದಿದೆ. ಇಂದಿನ ಮಧುಮೇಹದ ಬಗೆಗಳೊಡನೆ ಆ ವಿಂಗಡಣೆಯನ್ನು ಸಮೀಕರಿಸುವುದು ತಪ್ಪಾದೀತು.

ವಂಶದ ರೋಗಗಳೆಲ್ಲ ಒಂದೇ ತೆರನಾದುವಲ್ಲ. ಬಿಳಿಗಿರಿರಂಗನ ಬೆಟ್ಟದ ಸೋಲಿಗರಲ್ಲಿ ಕುಡುಗೋಲು ಕಣದ ರಕ್ತಹೀನತೆಯಿರುವುದು ತಿಳಿದ ಸಂಗತಿ; ಡಾ. ಎಚ್. ಸುದರ್ಶನ್ ಅವರು ಸ್ಥಾಪಿಸಿದ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರವು ಅದರ ಪತ್ತೆ ಚಿಕಿತ್ಸೆಗಳಲ್ಲಿ ತೊಡಗಿದೆ. ಅದಕ್ಕೆ ಮೂಲ ಒಂದೇ ವಂಶವಾಹಿಯ ದೋಷ. ತಂದೆತಾಯಿಗಳಿಬ್ಬರಿಂದಲೂ ಆ ದೋಷವನ್ನು ಪಡೆದ ಮಗುವಿಗೆ ಆಹಾರ ನಿಯಮಗಳಿಂದ ರೋಗ ತಪ್ಪದು. ಎರಡನೆಯ ಬಗೆಯ ಮಧುಮೇಹದಲ್ಲಿ ಹೀಗಲ್ಲ. ಅಲ್ಲಿ ನೂರಾರು ವಂಶವಾಹಿ ಸ್ಥಾನಗಳು ಒಂದೊಂದೂ ಸಣ್ಣ ಪಾಲನ್ನು ಹಾಕುತ್ತವೆ. ಅವುಗಳಲ್ಲಿ ಪ್ರಬಲವೆನಿಸಿದ ಟಿ.ಸಿ.ಎಫ್. ೭ ಎಲ್ ೨ ಎಂಬುದನ್ನು ೨೦೦೬ರಲ್ಲಿ ಐಸ್ಲೆಂಡಿನ ವಿಜ್ಞಾನಿಗಳು ಗುರುತಿಸಿದರು. ಮರುವರ್ಷ ಪುಣೆಯವರನ್ನು ಪರೀಕ್ಷಿಸಿದಾಗ ನಮ್ಮವರಲ್ಲಿಯೂ ಅದರ ಪಾತ್ರ ದೃಢಪಟ್ಟಿತು. ಆ ವಂಶವಾಹಿಯ ಅಪಾಯಕರ ರೂಪವನ್ನು ಒಂದು ಕಡೆಯಿಂದ ಪಡೆದವರಿಗೆ ಸಂಭವ ಸುಮಾರು ಒಂದೂವರೆ ಪಟ್ಟು, ಎರಡು ಕಡೆಯಿಂದಲೂ ಪಡೆದವರಿಗೆ ಎರಡು ಪಟ್ಟಿಗೂ ಮಿಕ್ಕು. ಹೀಗಿದ್ದರೂ ಅಮೆರಿಕದಲ್ಲಿ ಮಧುಮೇಹ ತಡೆಯ ಪ್ರಯೋಗವೊಂದರಲ್ಲಿ, ಆಹಾರವನ್ನು ಮಿತಗೊಳಿಸಿ ನಿತ್ಯವೂ ನಡೆದವರ ಗುಂಪಿನಲ್ಲಿ ಈ ವಂಶವಾಹಿಯ ಪ್ರಭಾವವು ಬಹಳವಾಗಿ ಕುಗ್ಗಿತೆಂದು ಅದೇ ೨೦೦೬ರಲ್ಲಿ ವರದಿಯಾಯಿತು.

ವಂಶದಿಂದ ಬರುವುದೆಲ್ಲ ವಂಶವಾಹಿಯಿಂದಲೇ ಬರುವುದಲ್ಲವೆಂಬುದಕ್ಕೆ ನಮ್ಮ ನೆರೆಯಲ್ಲಿಯೇ ಅಮೂಲ್ಯವಾದ ಆಧಾರವಿದೆ. ಚಾಮರಾಜನಗರವು ೧೯೯೭ರಲ್ಲಿ ಪ್ರತ್ಯೇಕ ಜಿಲ್ಲೆಯಾಗುವವರೆಗೆ ಮೈಸೂರು ಜಿಲ್ಲೆಯ ಭಾಗವಾಗಿತ್ತು. ಆ ಮೈಸೂರಿನ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯಲ್ಲಿ, ಜನರ ಬಾಯಲ್ಲಿ ಮಿಷನ್ ಆಸ್ಪತ್ರೆಯಲ್ಲಿ, ೧೯೩೪ರಿಂದ ಹುಟ್ಟಿದ ಶಿಶುಗಳ ತೂಕ, ಉದ್ದ, ತಲೆಯ ಸುತ್ತಳತೆಗಳನ್ನು ಬರೆದಿಟ್ಟ ಪುಸ್ತಕಗಳು ಉಳಿದುಬಂದುವು. ದಿನದ ಕೆಲಸವೆಂದು ದಾದಿಯರು ಗುರುತು ಹಾಕಿದ ಈ ಅಂಕಿಗಳು ಅರ್ಧ ಶತಮಾನದ ಬಳಿಕ ಸಂಶೋಧಕರ ಕೈಗೆ ಬಂದಾಗ ಇತಿಹಾಸದ ಆಕರಗಳಾದುವು. ಆ ಶಿಶುಗಳಲ್ಲಿ ಹಲವರನ್ನು ನಡುವಯಸ್ಸಿನಲ್ಲಿ ಹುಡುಕಿ ಪರೀಕ್ಷಿಸಿದ ಫಲವು ೧೯೯೮ರಲ್ಲಿ ಪ್ರಕಟವಾಯಿತು. ಹುಟ್ಟುವಾಗ ಗಿಡ್ಡಾಗಿ, ಆ ಉದ್ದಕ್ಕೆ ಮೀರಿ ದುಂಡಾಗಿದ್ದವರಲ್ಲಿಯೂ, ತೂಕ ಹೆಚ್ಚಿದ್ದ ತಾಯಂದಿರ ಮಕ್ಕಳಲ್ಲಿಯೂ ಮಧುಮೇಹ ಅಧಿಕವಾಗಿ ಕಂಡಿತು.

ಅದೇ ಆಸ್ಪತ್ರೆಯಲ್ಲಿ ೧೯೯೭ರಲ್ಲಿ ಮೊದಲಾದ ಮತ್ತೊಂದು ಅಧ್ಯಯನದಲ್ಲಿ ಪರೀಕ್ಷಿತರಾದ ಗರ್ಭಿಣಿಯರ ಪೈಕಿ ನೂರಕ್ಕೆ ೬.೨ರಷ್ಟು ಮಂದಿಗೆ ಗರ್ಭಕಾಲದ ಮಧುಮೇಹವಿತ್ತು. ಅವರ ಮಕ್ಕಳನ್ನು ಒಂಬತ್ತೂವರೆ ವರ್ಷ ವಯಸ್ಸಿನಲ್ಲಿ ನೋಡಿದಾಗ, ಮುಖ್ಯವಾಗಿ ಹೆಣ್ಣುಮಕ್ಕಳಲ್ಲಿ, ಮೈಯ ಕೊಬ್ಬೂ ಇನ್ಸುಲಿನ್ನಿಗೆ ಮಣಿಯದ ಲಕ್ಷಣವೂ ಇತರ ಮಕ್ಕಳಿಗಿಂತ ಹೆಚ್ಚಿದ್ದುವು. ತಂದೆಗೆ ಮಧುಮೇಹವಿದ್ದ ಮಕ್ಕಳಲ್ಲಿ ಈ ಲಕ್ಷಣಗಳು ಅಷ್ಟಾಗಿ ಕಾಣಲಿಲ್ಲ. ತಂದೆಯೂ ವಂಶವಾಹಿಗಳ ಅರ್ಧ ಪಾಲನ್ನು ಕೊಡುವವನೇ. ಹಾಗಾದ ಮೇಲೆ ಈ ಭೇದವನ್ನು ಗರ್ಭದ ಪರಿಸರದಲ್ಲಿ ಹುಡುಕುವುದು ನ್ಯಾಯವಾಗಿದೆ. ಗರ್ಭಿಣಿಯ ರಕ್ತದಲ್ಲಿ ಏರಿದ ಸಕ್ಕರೆ ಶಿಶುವಿಗೆ ಹರಿದು, ಆ ಹೆಣ್ಣುಮಗು ಮುಂದೆ ತಾಯಿಯಾದಾಗ ಅದೇ ಸ್ಥಿತಿ ಮರುಕಳಿಸಿದರೆ, ಮೂರು ತಲೆಮಾರು ನೋಡಿದವರು ಅದನ್ನು ‘ವಂಶದ ರೋಗ’ವೆಂದೇ ಕರೆಯುವರು. ಆದರೆ ಗರ್ಭಕಾಲದ ಸಕ್ಕರೆಯನ್ನು ಅಳೆಯಬಹುದು, ಹದಕ್ಕೆ ತರಲೂಬಹುದು. ವಂಶವಾಹಿಯನ್ನು ಹಾಗೆ ತಿದ್ದುವಂತಿಲ್ಲ.

ಇದರ ಜೊತೆಗೆ ಮನೆತನದಲ್ಲಿ ಹರಿದುಬರುವ ಮೂರನೆಯ ಬಳುವಳಿಯೊಂದುಂಟು, ಅದು ಅಡಿಗೆಮನೆಯದು. ಮಗುವಿನ ನಾಲಗೆಗೆ ಎಷ್ಟು ಸಿಹಿ ರೂಢಿಯಾಗುವುದೆಂಬುದನ್ನು ತಾಯಿಯ ಕೈಯ ಚಮಚ ನಿರ್ಧರಿಸುತ್ತದೆ. ರಾಗಿ ಮುದ್ದೆ ಉಂಡು ಹೊಲದಲ್ಲಿ ಗೇಯುತ್ತಿದ್ದ ತಾತನ ವಂಶವಾಹಿಗಳೇ ಪೇಟೆಯಲ್ಲಿ ಕುಳಿತು ಲೆಕ್ಕ ಬರೆಯುವ ಮೊಮ್ಮಗನಲ್ಲಿಯೂ ಇವೆ. ತಾತನಲ್ಲಿ ಅವು ಸುಮ್ಮನಿದ್ದುವು.

ಉಪಸಂಹಾರ

ಮೇಲೆ ಹೇಳಿದುದನ್ನೆಲ್ಲ ಕೂಡಿಸಿ ನೋಡಿದರೆ ಮೊದಲಿನ ಎರಡು ಮಾತುಗಳಿಗೂ ಉತ್ತರ ದೊರೆಯುತ್ತದೆ. ಕಾಫಿ ಒಳ್ಳೆಯದಂತೆ ಎಂಬವರಿಗೆ: ಹೊರದೇಶಗಳ ಸಾಕ್ಷ್ಯವು ಕಾಫಿಯನ್ನು ದೋಷಿಯೆಂದಿಲ್ಲ, ಒಂದಿಷ್ಟು ಅದರ ಪರವಾಗಿಯೇ ಇದೆ; ಆ ಸಾಕ್ಷ್ಯವು ಸಕ್ಕರೆಯ ಪರವಾಗಿಲ್ಲ. ಇಷ್ಟಪಟ್ಟು ಕುಡಿಯುವವರು ಸಕ್ಕರೆಯನ್ನು ತಗ್ಗಿಸಿ ಕುಡಿಯಬಹುದು. ಕುಡಿಯದವರು ರೋಗಭಯದಿಂದ ಈ ಅಭ್ಯಾಸವನ್ನು ಹೊಸದಾಗಿ ಹಿಡಿಯಬೇಕಾದುದಿಲ್ಲ. ಬಂದೇ ಬರುತ್ತದೆ ಎಂಬವರಿಗೆ: ತಂದೆತಾಯಿಗಳಿಗೆ ರೋಗವಿದ್ದುದು ಮುಂಚಿತವಾಗಿ ರಕ್ತಪರೀಕ್ಷೆ ಮಾಡಿಸಿಕೊಳ್ಳಲು ಕಾರಣ, ಕೈಚೆಲ್ಲಿ ಕೂರಲು ಕಾರಣವಲ್ಲ. ಚೆನ್ನೈಯಲ್ಲಿ ಡಾ. ಎ. ರಾಮಚಂದ್ರನ್ ಮತ್ತು ಅವರ ಸಂಗಡಿಗರು ನಡೆಸಿ ೨೦೦೬ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಮಧುಮೇಹದ ಹೊಸ್ತಿಲಲ್ಲಿದ್ದ ಭಾರತೀಯರ ಪೈಕಿ ಆಹಾರ ವ್ಯಾಯಾಮಗಳ ಕ್ರಮವನ್ನು ಅನುಸರಿಸಿದವರಲ್ಲಿ ರೋಗಕ್ಕೆ ತುತ್ತಾದವರ ಪ್ರಮಾಣವು ನೂರಕ್ಕೆ ೨೮.೫ರಷ್ಟು ತಗ್ಗಿತು. ಅವರ ವಂಶವಾಹಿಗಳು ಇದ್ದಂತೆಯೇ ಇದ್ದುವು.

ನಮ್ಮ ವಿದ್ಯಾರ್ಥಿಗಳಲ್ಲಿ ಬಹುಮಂದಿ ಈ ಎರಡು ತಾಲ್ಲೂಕುಗಳ ಹಳ್ಳಿಗಳಿಂದ ಬರುವವರು. ತಮ್ಮ ಮನೆಯ ಮೂರು ತಲೆಮಾರಿನವರು ಏನು ಉಂಡರು, ಏನು ಕುಡಿದರು, ಯಾವ ಕೆಲಸ ಮಾಡಿದರು, ಯಾರಿಗೆ ಯಾವ ವಯಸ್ಸಿನಲ್ಲಿ ಸಕ್ಕರೆ ಕಾಯಿಲೆ ಕಾಣಿಸಿತು ಎಂಬುದನ್ನು ಅವರು ಅಜ್ಜಅಜ್ಜಿಯರನ್ನು ಕೇಳಿ ಬರೆದಿಡುವಂತಾದರೆ, ಅದು ಇತಿಹಾಸದ ಅಭ್ಯಾಸಕ್ಕೂ ಆಯಿತು, ವೈದ್ಯರ ಮುಂದೆ ಇಡಲು ಒಂದು ಉಪಯುಕ್ತ ಕಾಗದವೂ ಆಯಿತು. ಮಿಷನ್ ಆಸ್ಪತ್ರೆಯ ಹೆರಿಗೆ ಪುಸ್ತಕಗಳ ಬೆಲೆ ಅವನ್ನು ಬರೆದ ದಿನ ಯಾರಿಗೂ ತಿಳಿದಿರಲಿಲ್ಲವೆಂಬುದನ್ನು ಇಲ್ಲಿ ಸ್ಮರಿಸಬಹುದು.